ಹುಲಿಯಪ್ಪನ ಜಪಾನಿ ಕತ್ತಿ

"ಕರೆಂಟಿಲ್ಲ ಕಣಪ್ಪ" ಎಂದ ಆನಂದಪ್ಪ.

ಹೇಳಿದ್ದು ಯಾರಿಗೆ? ಆ ಊರಿನ ಲೈನ್‌ಮನ್ ಮಾಲತೇಶನಿಗೆ. ಹೇಳುವಾಗ ಸಲೂನಿನ ಫ್ಯಾನು ಅವನ ತಲೆಯ ಮೇಲೇ ಗಿರಗಿರನೆ ತಿರುಗುತ್ತಿತ್ತು. ಕುರ್ಚಿಯಲ್ಲಿ ಹುಚ್ಚರಾಯಪ್ಪ ಗೌಡ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ಸುಳ್ಳು ಹೇಳುವುದಕ್ಕೂ ಒಂದು ಕಸುಬುಗಾರಿಕೆ ಬೇಕು, ಆನಂದಪ್ಪನಿಗೆ ಅದು ಒಲಿದಿರಲಿಲ್ಲ. ಕೇರಿಯ ದಲಿತರು ಬಾಗಿಲಿಗೆ ಬಂದಾಗೆಲ್ಲ ಒಂದು ದಿನ ಬ್ಲೇಡು ಖಾಲಿ, ಒಂದು ದಿನ ಸೊಂಟನೋವು, ಇನ್ನೊಂದು ದಿನ ಸುಮ್ಮನೆ ರಜೆ. ಅವರ ಗಡ್ಡ ಮುಟ್ಟಿದರೆ ಉಳಿದ ಗಿರಾಕಿಗಳು ಮೆಟ್ಟಿಲು ಹತ್ತುವುದಿಲ್ಲ ಎಂಬ ನಿಜವನ್ನು ಮಾತ್ರ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಕೇಸಾಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಮಾಲತೇಶನಿಗೆ ಮಾರನೆಯ ದಿನ ಮದುವೆ. ಹೆಣ್ಣು ಉಳವಿಯವಳು. ಅರಿಶಿನ ಹಚ್ಚುವ ಮೊದಲು ಮದುಮಗನಿಗೆ ಊರಿನಲ್ಲೇ ಮುಖಕ್ಷೌರ ಆಗಬೇಕೆನ್ನುವುದು ಅಲ್ಲಿನ ಪದ್ಧತಿ. ಕೇರಿಯ ಮದುಮಕ್ಕಳು ಮಾತ್ರ ಶಿರಾಳಕೊಪ್ಪಕ್ಕೆ ಹೋಗಿ, ಯಾವ ಊರು ಯಾರ ಮಗ ಎಂದು ಕೇಳದ ಅಂಗಡಿಯಲ್ಲಿ ಕೂತು, ಮಾತಿಲ್ಲದೆ ವಾಪಸಾಗುತ್ತಿದ್ದರು. ಈ ಸಲ ಮಾಲತೇಶನ ಅಜ್ಜಿ ಯಮುನಮ್ಮ ಹಟ ಹಿಡಿದಿದ್ದಳು. "ನನ್ನ ಮೊಮ್ಮಗ ಈ ಊರಿನ ಕಂಬ ಎಲ್ಲಾ ಹತ್ತಿ ಇಳ್ದಿದಾನೆ. ಅವನ ಕ್ಷೌರ ಈ ಊರಲ್ಲೇ ಆಗ್ಬೇಕು" ಎಂದು ಬೆಳಿಗ್ಗೆ ಅವನ ಬೆನ್ನ ಹಿಂದೆಯೇ ಸಲೂನಿಗೆ ಬಂದಿದ್ದಳು.

"ಬಿಡಜ್ಜಿ" ಎಂದ ಮಾಲತೇಶ ತಗ್ಗಿದ ದನಿಯಲ್ಲಿ. "ಬೈಕಲ್ಲಿ ಅರ್ಧ ಗಂಟೆ ಹಾದಿ. ಶಿರಾಳಕೊಪ್ಪಕ್ಕೆ ಹೋಗಿ ಬಂದ್ಬಿಡ್ತೀನಿ."

"ಇಲ್ಲೇ ನಿಂತಿರು. ಅಲ್ಲಾಡಿದ್ರೆ ನೋಡು" ಎಂದು ಯಮುನಮ್ಮ ಮನೆಗೆ ಹೋದಳು. ಮರಳಿ ಬಂದಾಗ ಅವಳ ಕೈಯಲ್ಲಿ ನೀರಿನ ಚೊಂಬು, ಸೋಪು, ಸಾಣೆಕಲ್ಲು ಮತ್ತು ಎಣ್ಣೆಬಟ್ಟೆಯಲ್ಲಿ ಸುತ್ತಿದ ಜಪಾನಿ ಕತ್ತಿ ಇದ್ದವು.

ಆ ಕ್ಷೌರದ ಕತ್ತಿಯನ್ನು ಬರ್ಮಾದಿಂದ ತಂದವನು ಯಮುನಮ್ಮನ ಮಾವ ಹುಲಿಯಪ್ಪ. ಎರಡನೇ ಮಹಾಯುದ್ಧದಲ್ಲಿ ಅವನು ಗುದ್ದಲಿ ಹಿಡಿದು ರಸ್ತೆ ಕಡಿಯುವ ಪಡೆಯಲ್ಲಿದ್ದ. ಯುದ್ಧ ಮುಗಿದ ಮೇಲೆ ಸೆರೆಸಿಕ್ಕ ಜಪಾನಿಯೊಬ್ಬ ಒಂದು ಕಟ್ಟು ಬೀಡಿಗೆ ಅವನ ಗಡ್ಡ ಹೆರೆದನಂತೆ. ಗದ್ದ ಹಿಡಿದು, ಮುಖವನ್ನು ಅತ್ತ ಇತ್ತ ತಿರುಗಿಸಿ, ಕೆಲಸ ಮುಗಿದ ಮೇಲೆ ಅಂಗೈಯಿಂದ ಕೆನ್ನೆ ಒರೆಸಿದನಂತೆ. "ಕೇರಿಯೋರಲ್ದೆ ನನ್ನ ಮುಖ ಮುಟ್ಟಿದ ಮೊದಲನೇ ಮನುಷ್ಯ ವೈರಿ ಕಣವ್ವ" ಎಂದು ಹುಲಿಯಪ್ಪ ಸೊಸೆಗೆ ಹೇಳುತ್ತಿದ್ದ. ಊರಿಗೆ ಹೊರಡುವಾಗ ಇನ್ನೆರಡು ಕಟ್ಟು ಬೀಡಿ ಕೊಟ್ಟು ಕತ್ತಿಯನ್ನೇ ಪಡೆದು ತಂದ.

ಅದು ಮಡಚುವ ಕತ್ತಿಯಲ್ಲ. ಹಿಡಿಯೂ ಅಲಗೂ ಒಂದೇ ಉಕ್ಕಿನದು, ಹಿಡಿಗೆ ಬೆತ್ತದ ಸುತ್ತು. ಅಲಗಿನ ಎರಡು ಮೈಗಳೂ ಒಂದೇ ತೆರನಲ್ಲ. ಅಕ್ಷರ ಕೊರೆದ ಮೈ ಕೆನ್ನೆಯ ಕಡೆಗಿರಬೇಕು. ಒಮ್ಮೆ ಸಾಣೆಯವನೊಬ್ಬ ತಿಳಿಯದೆ ಎರಡೂ ಕಡೆ ಸಮವಾಗಿ ಉಜ್ಜಿ ಕೆಡಿಸಿಟ್ಟಿದ್ದ. ಅದನ್ನು ಹದಕ್ಕೆ ತರಲು ಹುಲಿಯಪ್ಪ ಮೂರು ತಿಂಗಳು ಕಲ್ಲಿನ ಮುಂದೆ ಕೂತ, ಮೂರು ತಿಂಗಳೂ ಸಾಣೆಯವನ ಏಳು ತಲೆಮಾರನ್ನು ಬೈದ. ಮುಪ್ಪಿನಲ್ಲಿ ಕೈ ಸೋತಾಗ ಸೊಸೆಗೆ ಕಲಿಸಿದ. ಸೊಸೆ ಮಾವನ ಗಡ್ಡ ಹೆರೆಯುವುದನ್ನು ಕಂಡು ಊರು ನಕ್ಕಿತು. ನಕ್ಕವರ ಹಲ್ಲು ಕಾಣುತ್ತದೆ ಅಷ್ಟೇ ಎಂದು, ಅವನು ಸಾಯುವವರೆಗೂ ಅವಳೇ ಹೆರೆದಳು. ಅದಾಗಿ ಮೂವತ್ತು ವರ್ಷ ಕಳೆದಿತ್ತು.

ಸಲೂನಿನ ಎದುರಿಗೆ ಬಸ್ಸಿಗೆ ಕಾಯುವವರಿಗೆಂದು ಪಂಚಾಯ್ತಿಯವರು ಹಾಕಿಸಿದ ಸಿಮೆಂಟು ಬೆಂಚಿತ್ತು. ಯಮುನಮ್ಮ ಮೊಮ್ಮಗನನ್ನು ಅದರ ಮೇಲೆ ಕೂರಿಸಿ, ಕೊರಳಿಗೆ ಟವೆಲ್ಲು ಸುತ್ತಿ, ಕತ್ತಿ ಬಿಚ್ಚಿದಳು.

ಒಳಗಿನಿಂದ ಹುಚ್ಚರಾಯಪ್ಪ ಕೂಗಿದ. "ಏ ಯಮುನಿ, ಹಾದಿಬೀದೀಲಿ ಕತ್ತಿ ಹಿಡ್ಕಂಡು ಏನೇ ಅದು ನಿಂದು?"

"ರೇಷನ್ ಕಾರ್ಡಲ್ಲಿ ಯಮುನಮ್ಮ ಅಂತ ಐತೆ ಗೌಡ್ರೆ" ಎಂದಳು ಅವಳು, ತಲೆ ಎತ್ತದೆ. "ಕತ್ತಿ ನಂದು, ಮೊಮ್ಮಗ ನನ್ನೋನು, ಬೆಂಚು ಪಂಚಾಯ್ತೀದು. ಇದ್ರಲ್ಲಿ ನಿಮ್ಮದೇನೈತೆ?"

ಬಸ್ಸಿಗೆ ಕಾದಿದ್ದವರು, ಡೇರಿಗೆ ಹಾಲು ಹಾಕಿ ಬಂದವರು ಒಬ್ಬೊಬ್ಬರಾಗಿ ನಿಂತರು. ಮಾಲತೇಶನ ಕಿವಿ ಬಿಸಿಯಾಯಿತು. ಕಂಬದ ತುದಿಯಲ್ಲಿ ಊರೆಲ್ಲ ನೋಡುವಂತೆ ನೇತಾಡುವವನಿಗೆ ಈ ಮೊಳಕಾಲೆತ್ತರದ ಬೆಂಚಿನ ಮೇಲೆ ನಾಚಿಕೆಯಾಗುತ್ತಿತ್ತು.

"ಅಜ್ಜಿ, ಎಲ್ರೂ ನೋಡ್ತಿದಾರೆ."

"ನೋಡ್ಲಿ ಅಂತಲೇ ಕೂರ್ಸಿದ್ದು."

ಬಲಗೆನ್ನೆ ನುಣ್ಣಗೆ ಬಂತು. ಎಡಗೆನ್ನೆಯೂ ಬಂತು. ಮೀಸೆಯ ಅಂಚನ್ನು ತಿದ್ದುವಾಗ ಯಮುನಮ್ಮನಿಗೆ ಮಾವನ ಮುಖವೇ ಕೈಗೆ ಸಿಕ್ಕಂತಾಯಿತು. ಆದರೆ ಕುತ್ತಿಗೆಗೆ ಇಳಿದಾಗ ಅವಳ ಕೈ ನಡುಗಿತು. ಅಲಗನ್ನು ಎತ್ತಿ, ಉಸಿರು ಬಿಟ್ಟು ಮತ್ತೆ ಇಟ್ಟಳು, ಮತ್ತೆ ನಡುಗಿತು. ಎಪ್ಪತ್ತು ದಾಟಿದ ಕೈ. ಇಲ್ಲಿಗೇ ಬಿಟ್ಟರೆ ಮದುಮಗ ಅರೆಗಡ್ಡದಲ್ಲಿ ಇದೇ ಜನರ ನಡುವೆ ಎದ್ದು ಶಿರಾಳಕೊಪ್ಪಕ್ಕೆ ಹೋಗಬೇಕು. ಆ ನಗೆಯನ್ನು ಅವನ ಮಕ್ಕಳೂ ಕೇಳಬೇಕಾಗುತ್ತದೆ. ಅವಳಿಗೆ ಭಯವಾಯಿತು.

ಗೌಡನನ್ನು ಕುರ್ಚಿಯಲ್ಲೇ ಬಿಟ್ಟು ಆನಂದಪ್ಪ ಹೊರಗೆ ಬಂದ. ಅಷ್ಟು ಹೊತ್ತೂ ಅವನು ನೋಡುತ್ತಿದ್ದದ್ದು ಅಲಗನ್ನೇ. ಅಂಥ ಕತ್ತಿಯನ್ನು ಅವನು ಜನ್ಮದಲ್ಲಿ ಹಿಡಿದವನಲ್ಲ. "ಕೊಡಿ ಯಮುನಕ್ಕ" ಎಂದ, ಒಳಗಿದ್ದವನಿಗೆ ಕೇಳಿಸದಷ್ಟು ಮೆಲ್ಲಗೆ. "ಕುತ್ತಿಗೆ ನಾನು ಮುಗಿಸಿಕೊಡ್ತೀನಿ."

"ಒಳಗೆ ಕುರ್ಚೀಲಿ ಕೂರ್ಸಿ ಮಾಡ್ತೀಯಾ?"

ಆನಂದಪ್ಪ ತಿರುಗಿ ಬಾಗಿಲ ಕಡೆ ನೋಡಿದ. "ಇಲ್ಲೇ ಆಗ್ಲಿ ಬಿಡಿ ಅಕ್ಕ. ಇನ್ನೇನು, ಎರಡು ಎಳೆತ..."

"ಬೀದೀಲಿ ಮಾಡಕ್ಕೆ ನಾನೇ ಸಾಕು. ನೀ ಒಳಗ್ಹೋಗು, ಗೌಡ್ರ ನೊರೆ ಒಣಗ್ತದೆ."

ಯಾರೋ ಕಿಸಕ್ಕನೆ ನಕ್ಕರು. ಆನಂದಪ್ಪ ಒಳಗೂ ಹೋಗಲಾರದೆ ಅಲ್ಲೇ ನಿಂತ.

ಮಾಲತೇಶ ಅಜ್ಜಿಯ ಮುಖ ನೋಡಿದ. ಅವಳ ಹಣೆಯ ಮೇಲೆ ಬೆವರೊಡೆದಿತ್ತು. ಇಷ್ಟು ಹೊತ್ತು ತಾನು ತಲೆ ತಗ್ಗಿಸಿ ಕೂತಿದ್ದಕ್ಕೆ ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಎರಡೂ ಕೈಯಿಂದ ಅವಳ ಮೊಣಕೈಯನ್ನು ಕೆಳಗಿನಿಂದ ಆತು ಹಿಡಿದು, ಗದ್ದವನ್ನು ಎಷ್ಟಾಗುತ್ತದೋ ಅಷ್ಟು ಮೇಲಕ್ಕೆತ್ತಿದ.

"ಈಗ ಹೆರಿ ಅಜ್ಜಿ" ಎಂದ, ಎಲ್ಲರಿಗೂ ಕೇಳುವಂತೆ. "ನಿಧಾನಕ್ಕೆ ಹೆರಿ. ನಂಗೇನೂ ಅವಸರ ಇಲ್ಲ."

ಕತ್ತಿ ಗಂಟಲ ಮೇಲೆ ಇಂಚಿಂಚೇ ಸರಿಯಿತು. ಒಂದು ಕಡೆ ಸಾಸಿವೆಯಷ್ಟು ರಕ್ತ ಬಂತು. ಮಾಲತೇಶ ಅದನ್ನು ಒರೆಸಿಕೊಳ್ಳದೆ ಹಾಗೇ ಬಿಟ್ಟ.

ಕುತ್ತಿಗೆ ಮುಗಿಸಿ ಯಮುನಮ್ಮ ಬೆಂಚಿನ ತುದಿಗೆ ಕೂರುವಷ್ಟರಲ್ಲಿ ಮಾಲತೇಶನ ತಾಯಿ ಸುನಿತಾ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ ಇಟ್ಟುಕೊಂಡು ಬಂದಳು. ಮದುಮಗನ ಕ್ಷೌರ ಮಾಡಿದವರಿಗೆ ಸಲ್ಲುವ ಪಡಿ ಅದು. ಸಲೂನಿನ ಕಡೆ ನೋಡಿದಳು, ಬೆಂಚಿನ ಕಡೆ ನೋಡಿದಳು. ರೂಢಿಯ ಬಲದಿಂದ ಆನಂದಪ್ಪನ ಕೈಗಳು ಅರ್ಧ ಮೇಲೆದ್ದು ಕೆಳಗಿಳಿದವು. ಸುನಿತಾ ಬಾಗಿ ಮೊರವನ್ನು ಅತ್ತೆಯ ಮಡಿಲಿಗಿಟ್ಟಳು.

ಯಮುನಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ, ಕತ್ತಿ ಮಲಗಿಸಿ, ನಿಂತವರನ್ನೆಲ್ಲ ಒಮ್ಮೆ ನೋಡಿದಳು.

"ಮುಂದೆ ಯಾರು ಕೂರ್ತೀರಿ?"

ಯಾರೂ ಮುಂದೆ ಬರಲಿಲ್ಲ, ಯಾರೂ ಹೋಗಲೂ ಇಲ್ಲ. ಹಾಲಿನ ಕ್ಯಾನು ಹಿಡಿದು ನಿಂತಿದ್ದ ಒಬ್ಬ, ಖಾಲಿಯಿದ್ದ ಇನ್ನೊಂದು ಕೈಯಲ್ಲಿ, ಮೆಲ್ಲಗೆ ತನ್ನ ಗದ್ದ ಸವರಿಕೊಳ್ಳುತ್ತಿದ್ದ.