ಐದು ಇಟ್ಟಿಗೆಯ ಸಿಮೆಂಟು

ಹಲ್ಲಿನ ಡಾಕ್ಟರು ಷಡಕ್ಷರಿಯವರಿಗೆ ಸಂಶೋಧನೆಯ ಹುಚ್ಚು ಹತ್ತಿದ್ದು ಬುಧವಾರ. ಗುರುವಾರ ಸಂಜೆ ಮೈಸೂರಿನ ದಂತವೈದ್ಯರ ಸಭೆಯಲ್ಲಿ ಅವರ ಭಾಷಣ. ಸಂಶೋಧನೆಗೆ ಒಂದು ದಿನ ಸಾಲದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇರ್ವಿನ್ ರಸ್ತೆಯ ಅವರ ಶಾಪಿನಲ್ಲಿ ಹದಿನೆಂಟು ವರ್ಷದಿಂದ ಹಲ್ಲಿನ ತೂತಿಗೆ ತುಂಬಲು ಬೆಳ್ಳಿಪುಡಿಗೆ ಪಾದರಸ ಹಾಕಿ ಅರೆದು, ಬಟ್ಟೆಯಲ್ಲಿ ಹಿಂಡಿ ಕೊಡುತ್ತಿದ್ದವರು ಕಾಂಪೌಂಡರ್ ಗುರುಸಿದ್ದಯ್ಯ. ಊರಿನ ಹಲ್ಲೆಲ್ಲ ತುಂಬಿಸಿದ ಅವರ ದವಡೆಹಲ್ಲಿನಲ್ಲೇ ಒಂದು ದೊಡ್ಡ ತೂತಿತ್ತು. ‘ನಿಮಗೂ ಬೆಳ್ಳಿ ಹಾಕ್ತೀನಿ ಕಣ್ರೀ’ ಎಂದು ಡಾಕ್ಟರು ಮಾತು ಕೊಟ್ಟು ಎರಡು ದೀಪಾವಳಿ ಕಳೆದಿದ್ದವು. ಆ ಹಲ್ಲು ಉಳಿದರೆ ಸಾಕೆಂದು ಅವರು ಒಂದೇ ಕಡೆ ಅಗಿಯುತ್ತಿದ್ದರು.

ಬುಧವಾರ ಮದರಾಸಿನ ಏಜೆಂಟನೊಬ್ಬ ಹಲ್ಲಿನ ಬಣ್ಣದ್ದೇ ಹೊಸ ಸಿಮೆಂಟಿನ ಡಬ್ಬಿ ಕೊಟ್ಟುಹೋದ. ಡಾಕ್ಟರು ಆಗಲೇ ಅದನ್ನು ಕಲಸಿ ಗುಂಡು ಮಾಡಿಟ್ಟರು. ಹೋಲಿಸಿ ನೋಡಲು ಬೆಳ್ಳಿಯ ಗುಂಡೂ ಬೇಕೆಂದು ಹೊಳೆದದ್ದು ಗುರುವಾರ ಹನ್ನೊಂದಕ್ಕೆ. ಹನ್ನೆರಡಕ್ಕೆ ಎರಡನ್ನೂ ಒಂದೊಂದಾಗಿ ಪಕ್ಕದ ಸೈಕಲ್ ಶಾಪಿನ ವೈಸಿನ ಕಬ್ಬಿಣದ ಬಾಯಿಗೆ ಸಿಕ್ಕಿಸಿ, ಅದನ್ನು ಬಿಗಿಯುವ ಹಿಡಿಗೆ ಇಟ್ಟಿಗೆ ನೇತುಹಾಕುತ್ತ ಹೋದರು. ಬೆಳ್ಳಿ ಎರಡನೇ ಇಟ್ಟಿಗೆಗೇ ಪುಡಿಯಾಯಿತು. ಸಿಮೆಂಟು ಐದು ತಡೆಯಿತು.

ಗುರುಸಿದ್ದಯ್ಯ ಗಂಟಲು ಸರಿಮಾಡಿಕೊಂಡರು. ‘ಬೆಳ್ಳಿ ಒಂದೇ ಗಂಟೇದು ಸಾರ್. ಪೂರಾ ಗಟ್ಟಿಯಾಗೋಕೆ ಒಂದು ದಿನ ಬೇಕು. ನಾಳೆವರೆಗೂ ಆ ಕಡೆ ಅಗೀಬೇಡಿ ಅಂತ ಬಂದೋರಿಗೆಲ್ಲ ನಾವೇ ಹೇಳ್ತೀವಲ್ಲ...’

‘ಸಭೆ ಇವತ್ತು ಕಣ್ರೀ! ಬೆಳ್ಳಿಗೋಸ್ಕರ ಮುಂದಕ್ಕೆ ಹಾಕೋಕಾಗುತ್ತಾ?’

‘ಆಗಲ್ಲ ಸಾರ್.’

‘ಮತ್ತೆ? ಬನ್ನಿ, ಕುರ್ಚೀಲಿ ಕೂತ್ಕೊಳ್ಳಿ. ಸಭೇಲಿ ನೀವೇ ಸಾಕ್ಷಿ.’

ತೂತು ತುಂಬಿತು. ಬೆಳ್ಳಿಯಿಂದಲ್ಲ.

ಸಂಜೆ ಹನ್ನೊಂದು ಜನ ದಂತವೈದ್ಯರು ಸೇರಿದ್ದರು. ‘ಐದು ಇಟ್ಟಿಗೆ!’ ಎಂದು ಷಡಕ್ಷರಿ ಮೇಜು ಗುದ್ದಿದರು.

‘ಎಲ್ಲೀ ಇಟ್ಟಿಗೆ?’ ಎಂದರು ಅಧ್ಯಕ್ಷರಾದ ವಯಸ್ಸಾದ ಡಾಕ್ಟರ್ ಚೂಡಾಮಣಿ.

‘ಕೆಸರೆ ಕಡೇದು. ಚೆನ್ನಾಗಿ ಸುಟ್ಟದ್ದು.’

ಎಲ್ಲರೂ ಅದನ್ನು ಬರೆದುಕೊಂಡರು. ಗುಂಡುಗಳನ್ನು ಮಾಡಿ ಎಷ್ಟು ಹೊತ್ತಾಗಿತ್ತೆಂದು ಯಾರೂ ಕೇಳಲಿಲ್ಲ. ಆಮೇಲೆ ಷಡಕ್ಷರಿ ತಟ್ಟೆಯಿಂದ ಒಂದು ಕೋಡುಬಳೆ ಆರಿಸಿ ಗುರುಸಿದ್ದಯ್ಯನವರ ಕೈಗಿತ್ತರು. ‘ಕಡೀರಿ. ಅದೇ ಹಲ್ಲಲ್ಲಿ.’

ಕಡಿದರು. ಕಟ್ಟೆಂದ ಸದ್ದು ಹಿಂದಿನ ಸಾಲಿಗೂ ಕೇಳಿಸಿತು. ಸಿಮೆಂಟು ಒಡೆದಿತ್ತು, ಜೊತೆಗೆ ಹಲ್ಲಿನ ಒಂದು ಅಂಚೂ ಹೋಗಿತ್ತು. ಚೂರುಗಳನ್ನು ನಾಲಿಗೆ ಒಂದೊಂದಾಗಿ ಗುರುತಿಸಿತು.

‘ಮುರಿದದ್ದು ಯಾವುದ್ರೀ?’ ಎಂದರು ಚೂಡಾಮಣಿ.

ಷಡಕ್ಷರಿ ನಗುತ್ತಲೇ ಇದ್ದರು. ಕಣ್ಣು ಮಾತ್ರ ನಗುತ್ತಿರಲಿಲ್ಲ. ಐವತ್ತು ದಾಟಿದ ಕಾಂಪೌಂಡರನ್ನು ಇನ್ಯಾವ ಶಾಪಿನವರು ಕರೆದಾರು? ಗುರುಸಿದ್ದಯ್ಯ ಸಿಮೆಂಟು, ಹಲ್ಲು, ಖಾರದ ಹಿಟ್ಟು ಎಲ್ಲವನ್ನೂ ಒಟ್ಟಿಗೆ ನುಂಗಿದರು.

‘ಕೋಡುಬಳೆ ಸಾರ್.’

ಚಪ್ಪಾಳೆ ಬಿತ್ತು. ಹನ್ನೊಂದು ಜನ ಹಲ್ಲಿನ ಡಾಕ್ಟರುಗಳಲ್ಲಿ ಒಬ್ಬರಿಗೂ ಆ ಬಾಯಿ ತೆಗೆಸಿ ನೋಡಬೇಕೆನಿಸಲಿಲ್ಲ. ಸಿಮೆಂಟು ಬೇಕಾದವರ ಪಟ್ಟಿ ಮಾತ್ರ ಕೈಯಿಂದ ಕೈಗೆ ಓಡಾಡಿತು.

ಅಷ್ಟರಲ್ಲಿ ಕಾಫಿ ಬಂತು. ಬಿಸಿ ಗುಟುಕು ಹಲ್ಲಿನ ಬುಡಕ್ಕೆ ತಗಲಿದ್ದೇ ತಡ, ಗುರುಸಿದ್ದಯ್ಯನವರ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು.

‘ನೋಡಿದ್ರಾ,’ ಎಂದು ಷಡಕ್ಷರಿ ಅವರ ಬೆನ್ನು ತಟ್ಟಿದರು. ‘ಪಾಪ, ಎಷ್ಟು ಸಂತೋಷ ಅವರಿಗೆ!’