ನಡುಗಡ್ಡೆಯ ಇಪ್ಪತ್ತೊಂದು ಪದ

ನಡುಗಡ್ಡೆಯ ಗೇಟನ್ನೂ ಯಾರೋ ಕಿತ್ತುಕೊಂಡು ಹೋದರಂತೆ ಎಂಬ ಸುದ್ದಿ ಮುನಿಕೃಷ್ಣನಿಗೆ ಸಿಕ್ಕಿದ್ದು ಗಂಗಣ್ಣನ ಟೀ ಅಂಗಡಿಯಲ್ಲಿ.

“ತಂತಿಬೇಲಿ ಹೋಗಿ ಆರು ತಿಂಗಳಾಯ್ತು. ಈಗ ಗೇಟೂ ಹೋಯ್ತು. ಗುಜರಿಯೋರಿಗೆ ಹಬ್ಬ ಕಣೋ,” ಎಂದ ಗಂಗಣ್ಣ. “ನೀನು ಕಾವಲಿದ್ದಾಗ ಒಂದು ನಾಯೀನೂ ಒಳಗೆ ನುಗ್ತಿರ್ಲಿಲ್ಲ ಬಿಡು.”

ಗಂಗಣ್ಣ ಹೊಗಳಿದ್ದೇ. ಆದರೂ ಮುನಿಕೃಷ್ಣನಿಗೆ ಅಲ್ಲಿ ಕೂರಲಾಗಲಿಲ್ಲ. ಅರ್ಧ ಲೋಟ ಟೀ ಬೆಂಚಿನ ಮೇಲೇ ಬಿಟ್ಟು ಸೈಕಲ್ ಹತ್ತಿದ. ಅವತ್ತು ಭಾನುವಾರ, ದೊಡ್ಡಬಳ್ಳಾಪುರದ ಮಗ್ಗಕ್ಕೆ ರಜಾ. ಕೃತ್ತಿಕೆ ಮಳೆ ಕಳೆದು ರೋಹಿಣಿ ಹುಟ್ಟುವುದಕ್ಕೆ ಇನ್ನು ನಾಲ್ಕು ದಿನ ಇತ್ತು.

ತೂಬಗೆರೆ ಕಡೆಯ ಅವರ ಊರಿನ ಕೆರೆಯ ನಡುವೆ ಒಂದು ಗಡ್ಡೆ. ಎಕರೆಯಷ್ಟು ನೆಲ, ಹತ್ತಾರು ಹೊಂಗೆ ಮರ, ಮಧ್ಯದಲ್ಲಿ ಗಂಗಮ್ಮನ ಕಲ್ಲು. ರೋಹಿಣಿ ಹುಟ್ಟುವ ದಿನ ಬೆಳಿಗ್ಗೆ ಆ ಕಲ್ಲಿನ ಮುಂದೆ ಕೂತು ಆದಿನಾರಾಯಣಪ್ಪನವರು ಇಪ್ಪತ್ತೊಂದು ಪದ ಹೇಳುತ್ತಿದ್ದರು. ನೀರನ್ನು ಹೆಸರು ಹಿಡಿದು ಕರೆಯುವ ಪದಗಳು ಅವು. ಇಂಥ ಬೆಟ್ಟದ ನೀರೇ ಬಾ, ಇಂಥ ಹಳ್ಳದ ನೀರೇ ಬಾ ಎಂದು, ಕೊಟ್ಟ ಹೆಣ್ಣುಮಕ್ಕಳನ್ನು ತೌರಿಗೆ ಕರೆದ ಹಾಗೆ, ಒಬ್ಬೊಬ್ಬಳನ್ನೂ ಬಿಡದೆ ಕರೆಯುವುದು. ಅಜ್ಜನ ಬಾಯಿಂದ ಅಪ್ಪನಿಗೆ, ಅಪ್ಪನ ಬಾಯಿಂದ ಇವರಿಗೆ ಬಂದಿತ್ತು. ಬರೆದಿಡುವಂತಿಲ್ಲ, ಗಡ್ಡೆ ಬಿಟ್ಟು ಇನ್ನೆಲ್ಲೂ ಹೇಳುವಂತಿಲ್ಲ. ಬರೀ ಗಾಳಿಗೂ ಹೇಳುವಂತಿಲ್ಲ. ಎದುರಿಗೆ ಒಬ್ಬ ಕೂತು ಪದಪದಕ್ಕೂ ಹೂಂಗುಟ್ಟಬೇಕು. ಹೂಂಗುಟ್ಟುವುದು ಮುನಿಕೃಷ್ಣನ ಮನೆಯವರ ಪಾಲಿಗೆ ಬಂದ ಕೆಲಸ. ಅಪ್ಪ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಅವನೇ ಕೂತಿದ್ದ.

ಆಮೇಲೆ ಏರ್‌ಪೋರ್ಟು ಬಂತು. ದೇವನಹಳ್ಳಿಯಲ್ಲಿ ವಿಮಾನ ಇಳಿದವರು ನೆಟ್ಟಗೆ ಇಲ್ಲಿಗೇ ಬಂದು ದೋಣಿ ಹತ್ತುತ್ತಾರೆಂದು ನಂಬಿ ಯಾವುದೋ ಕಂಪನಿಯವರು ಗಡ್ಡೆಯನ್ನು ಗುತ್ತಿಗೆಗೆ ಹಿಡಿದರು. ಏರಿಯಿಂದ ಗಡ್ಡೆಗೆ ಕೆಮ್ಮಣ್ಣಿನ ದಾರಿ ಹಾಕಿದರು. ಬೇಸಿಗೆಯಲ್ಲಿ ಊರವರು ನಡೆದೇ ದಾಟುತ್ತಿದ್ದ ಕೆರೆಯಂಗಳವನ್ನು ಗಡ್ಡೆಯ ಸುತ್ತ ಆಳವಾಗಿ ತೋಡಿ ನೀರು ನಿಲ್ಲಿಸಿದರು, ಬೇಲಿ ಎಳೆದರು, ದಾರಿಯ ತುದಿಗೆ ಗೇಟು ನಿಲ್ಲಿಸಿದರು. ಮುನಿಕೃಷ್ಣನಿಗೆ ನೀಲಿ ಷರಟು, ಟೋಪಿ, ಕೊರಳಿಗೊಂದು ಸೀಟಿ ಕೊಟ್ಟರು.

ವಿಮಾನಗಳು ಹಾರಲು ಶುರುವಾದ ವಾರವೇ ರೋಹಿಣಿ ಹುಟ್ಟಿತು. ಬೆಳಿಗ್ಗೆ ಏಳು ಗಂಟೆಗೆ ಆದಿನಾರಾಯಣಪ್ಪ ತಲೆಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ, ಕೈಯಲ್ಲಿ ತೆಂಗಿನಕಾಯಿ ಹಿಡಿದು ಗೇಟಿನ ಮುಂದೆ ಬಂದು ನಿಂತರು. ಒಳಗೆ ಬೆಂಗಳೂರಿನ ನಾಲ್ಕು ಜನ ದೋಣಿಯಲ್ಲಿದ್ದರು. ಮ್ಯಾನೇಜರು ಊರಲ್ಲಿರಲಿಲ್ಲ.

“ಇವತ್ತು ಬ್ಯಾಡ ಮಾವ. ಗೆಸ್ಟ್‌ಗಳು ಅವ್ರೆ. ನಾಳೆ ನೋಡೋಣ.”

“ರೋಹಿಣಿ ನಾಳೆ ಇನ್ನೊಂದ್ಸಲ ಹುಟ್ತಾಳೇನೋ?”

“ರೂಲ್ಸು ಮಾವ.”

ಆ ಮಾತು ಅವನ ಬಾಯಿಂದ ಹೇಗೆ ಬಂತೋ. ಅಂಥ ರೂಲ್ಸನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹೊಸ ಷರಟು ಹಾಕಿಕೊಂಡು ಹನ್ನೊಂದನೆಯ ದಿನ ಅದು, ಅಷ್ಟೆ. ಆದಿನಾರಾಯಣಪ್ಪ ಬಿಸಿಲು ಏರುವವರೆಗೆ ಅಲ್ಲೇ ನಿಂತಿದ್ದು, ತೆಂಗಿನಕಾಯಿಯನ್ನು ಗೇಟಿನ ಬುಡದಲ್ಲಿಟ್ಟು ಮನೆಗೆ ಹೋದರು. ಮರುವರ್ಷ ಬರಲಿಲ್ಲ. ಅದರ ಮರುವರ್ಷವೂ ಬರಲಿಲ್ಲ. ವಿಮಾನದವರೂ ಬರಲಿಲ್ಲವೆನ್ನಿ. ಮೂರು ವರ್ಷಕ್ಕೆ ಕಂಪನಿ ಬಾಗಿಲು ಹಾಕಿತು. ಮುನಿಕೃಷ್ಣ ಮಗ್ಗಕ್ಕೆ ಸೇರಿದ. ಕಂಪನಿ ಹೋದ ಮೇಲೂ ಗೇಟಿನ ಬೀಗ ಮಾತ್ರ ಹಾಗೇ ಇತ್ತು.

ಈಗ ಅವನು ಏರಿಯ ಮೇಲಿಂದ ಸೈಕಲ್ಲನ್ನು ಆ ದಾರಿಗೆ ಇಳಿಸಿದ. ಮಳೆ ಕೊರೆದು ಎರಡು ಕಡೆ ದಾರಿ ಹರಿದಿತ್ತು; ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ದಾಟಿದ. ಇಕ್ಕೆಲದಲ್ಲೂ ಬಳ್ಳಾರಿ ಜಾಲಿ ಬೆಳೆದು ತೋಳು ಗೀರುತ್ತಿತ್ತು. ಗೇಟು ನಿಂತಿದ್ದ ಜಾಗದಲ್ಲಿ ಎರಡು ಕಂಬ ಉಳಿದಿದ್ದವು. ಟಿಕೆಟ್ ಕೋಣೆಯ ಕಿಟಕಿಯಲ್ಲಿ ಜೇನು ಕಟ್ಟಿತ್ತು. ಒಳಗೆ ಅವನು ಕೂರುತ್ತಿದ್ದ ಪ್ಲಾಸ್ಟಿಕ್ ಕುರ್ಚಿ, ಒಂದು ಕಾಲು ಮುರಿದು ಗೋಡೆಗೆ ಒರಗಿತ್ತು. ‘ಏರ್‌ಪೋರ್ಟಿನಿಂದ ನಲವತ್ತೇ ನಿಮಿಷ’ ಎಂಬ ಬೋರ್ಡು ಕವುಚಿ ಬಿದ್ದು, ಅದರ ಬೆನ್ನ ಮೇಲೆ ಯಾರೋ ಇಸ್ಪೀಟು ಆಡಿದ್ದರು.

ದಡದ ಸಿಮೆಂಟು ಮೆಟ್ಟಿಲ ಹತ್ತಿರ ಹಂಸದ ಆಕಾರದ ಬೋಟುಗಳು, ಐದಕ್ಕೆ ಮೂರು ಉಳಿದಿದ್ದವು. ನೀರು ಹಿಂದೆ ಸರಿದು ಅವು ಕೆಸರಿನಲ್ಲಿ ಸೊಂಟದವರೆಗೆ ಕೂತಿದ್ದವು. ಒಂದಕ್ಕೆ ಕತ್ತೇ ಇರಲಿಲ್ಲ. ಇನ್ನೊಂದರ ಸೀಟಿನಲ್ಲಿ ಕೊಕ್ಕರೆ ಹಿಕ್ಕೆ ಬೆಳ್ಳಗೆ ಗಟ್ಟಿಯಾಗಿತ್ತು. ಸೈಕಲ್ ತಳ್ಳಿಕೊಂಡು ಗಡ್ಡೆಯನ್ನೆಲ್ಲ ಸುತ್ತಿದ. ಊಟದ ಮಾಡು, ಕನ್ನಡಿಯೆಲ್ಲ ಒಡೆದ ಕೈತೊಳೆಯುವ ಜಾಗ, ಬಣ್ಣದ ದೀಪದ ವೈರುಗಳು ಸುತ್ತಿಕೊಂಡೇ ಒಣಗಿದ ಹೊಂಗೆ ಮರ ಒಂದು. ಎಲ್ಲ ನೋಡಿದ, ಕಲ್ಲಿನ ಕಡೆಗೆ ಮಾತ್ರ ಕೊನೆಗೆ ಹೋದ. ಅದೂ ಇಲ್ಲದಿದ್ದರೆ ಏನು ಗತಿ ಎಂಬ ಭಯ.

ಕಲ್ಲು ಇತ್ತು. ಫೋಟೋ ತೆಗೆಸಿಕೊಳ್ಳುವವರಿಗೆಂದು ಕಂಪನಿಯವರು ಅದಕ್ಕೆ ಸುಣ್ಣದ ಬಣ್ಣ ಬಳಿದು, ಸುತ್ತ ನುಣುಪಾದ ಟೈಲ್ಸು ಹಾಸಿದ್ದರು. ಟೈಲ್ಸಿನ ಸಂದಿಯಿಂದ ಹುಲ್ಲು ಮೇಲೆದ್ದಿತ್ತು. ಮುನಿಕೃಷ್ಣ ಟವೆಲ್ಲನ್ನು ಕೆರೆ ನೀರಿನಲ್ಲಿ ಅದ್ದಿ ತಂದು, ಬಿಳಿ ಬಣ್ಣ ಏಳುವವರೆಗೆ ಉಜ್ಜಿದ. ಮಧ್ಯಾಹ್ನವಾಯಿತು.

ಅಲ್ಲಿಂದ ನೇರ ಆದಿನಾರಾಯಣಪ್ಪನವರ ಮನೆಗೆ ಹೋದ. ಐದು ವರ್ಷದಿಂದ ಆ ಬೀದಿಯಲ್ಲಿ ಹೋಗಬೇಕಾದಾಗಲೆಲ್ಲ ಸೈಕಲ್ ಜೋರಾಗಿ ತುಳಿದು ದಾಟಿದವನು. ಜಗುಲಿಯಲ್ಲಿ ಅವರ ಹೆಂಡತಿ ನರಸಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಮಾವ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದರು.

“ಯಾರು ಬಂದೋರು?”

“ನಾನು ಮಾವ, ಮುನಿಕೃಷ್ಣ.”

“ಓಹೋ, ಸೆಕ್ಯೂರಿಟಿ ಸಾಹೇಬರು! ಬನ್ನಿ ಬನ್ನಿ, ನಮ್ಮನೆಗೆ ಗೇಟ್ ಪಾಸ್ ಬೇಕಾಗಿಲ್ಲ.”

ಮುನಿಕೃಷ್ಣ ತಲೆ ತಗ್ಗಿಸಿಕೊಂಡೇ ಗೇಟು ಹೋದದ್ದು, ಕಲ್ಲು ಇರುವುದು, ರೋಹಿಣಿಗೆ ನಾಲ್ಕು ದಿನ ಉಳಿದಿರುವುದು ಎಲ್ಲ ಹೇಳಿದ. ನರಸಮ್ಮ ಮೊರ ಕೆಳಗಿಟ್ಟು, ಮಜ್ಜಿಗೆ ಕೊಡುವ ನೆಪದಲ್ಲಿ ಅವನನ್ನು ಒಳಗೆ ಕರೆದರು.

“ಹೆಂಗಾದ್ರೂ ಮಾಡಿ ಕರ್ಕೊಂಡ್ಹೋಗಪ್ಪ. ಈಗೀಗ ಹೆಸರೆಲ್ಲ ಮರೀತಾರೆ. ಮೊನ್ನೆ ನನ್ನೇ ನಮ್ಮತ್ತೆ ಹೆಸರಿಡಿದು ಕರೆದ್ರು. ಆ ಪದ ತಪ್ಪಿಹೋಯ್ತು, ನನ್ನ ತಲೆಗೇ ಬಂತು ಅಂತ ರಾತ್ರಿಯೆಲ್ಲ ಒದ್ದಾಡ್ತಾರೆ. ಒಂದೇ ಒಂದ್ಸಲ ಇಪ್ಪತ್ತೊಂದೂ ಪೂರ್ತಿ ಹೇಳಿಬಿಟ್ರೆ ಸಾಕು, ಆ ಜೀವಕ್ಕೆ ನೆಮ್ಮದಿ ಸಿಗ್ತದೆ.”

ಅವನು ಹೊರಡುವಾಗ ಜಗುಲಿಯಿಂದ ದನಿ ಬಂತು: “ಕ್ಯಾರಿಯರ್ ಮೇಲೆ ಗೋಣಿಚೀಲ ಮಡಚಿ ಹಾಕ್ಕೊಂಡ್ ಬಾರಲಾ. ಮುದುಕನ ಮೂಳೆ, ಕಬ್ಬಿಣಕ್ಕೆ ಒಗ್ಗಲ್ಲ.”

ರೋಹಿಣಿ ಹುಟ್ಟಿದ ಬೆಳಿಗ್ಗೆ ಇಬ್ಬರೂ ಹೊರಟರು. ದಾರಿ ಹರಿದ ಕಡೆ ಮುನಿಕೃಷ್ಣ ಮೊದಲು ಮಾವನನ್ನು ಬೆನ್ನ ಮೇಲೆ ಹೊತ್ತು ದಾಟಿಸಿ, ಆಮೇಲೆ ಸೈಕಲ್ ದಾಟಿಸಿದ. ಹಂಸದ ಬೋಟುಗಳನ್ನು ನೋಡಿ ಮುದುಕರು ನಕ್ಕರು. “ಇದ್ರಲ್ಲೇನೋ ಗೆಸ್ಟುಗಳು ಕೂರ್ತಿದ್ದಿದ್ದು? ನಮ್ಮ ಎಮ್ಮೆ ಮೇಲೆ ಕೂತಿದ್ರೆ ಚೆನ್ನಾಗಿ ತೇಲ್ತಿತ್ತು.”

ಕಲ್ಲಿಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಟೈಲ್ಸಿನ ಮೇಲೆ ಚಾಪೆ ಹಾಸಿ ಕೂತರು. ಮುನಿಕೃಷ್ಣ ಎದುರಿಗೆ ಕೂತ. ಮಾವನ ದನಿ ಸಣ್ಣಗಾಗಿತ್ತು, ಆದರೆ ನಡುಗಲಿಲ್ಲ.

ಬೆಟ್ಟದ ನೆತ್ತೀಲಿ ಹುಟ್ಟಿದ ಹನಿಯವ್ವ
ಮುಟ್ಟುತ್ತ ಬಾರೆ ಏಳ್ಹಳ್ಳ, ನಮ್ಮೂರ
ಕಟ್ಟೆಯ ಕಲ್ಲ ತೊಳೆ ಬಾರೆ

“ಹೂಂ,” ಎಂದ ಮುನಿಕೃಷ್ಣ. ಅವನಿಗೆ ಕಣ್ಣು ತುಂಬಿತು. ಎರಡನೆಯದು, ಮೂರನೆಯದು, ಎಂಟನೆಯದು ಬಂತು. ಒಂಬತ್ತನೆಯದಕ್ಕೆ ಮುದುಕರು ಉಸಿರೆಳೆದುಕೊಂಡರು, ರಾಗ ಎತ್ತಿದರು, ಎತ್ತಿದ ರಾಗ ಅಲ್ಲೇ ನಿಂತುಹೋಯಿತು. ಮತ್ತೆ ಎತ್ತಿದರು. ಮತ್ತೆ ನಿಂತಿತು.

“ಒಂಬತ್ತನೇದು ಯಾವ ಹಳ್ಳ ಮುನಿಯಾ?”

ಮುನಿಕೃಷ್ಣ ಬಾಯಿ ತೆರೆದ. ಆ ಪದದ ಧಾಟಿ ಅವನಿಗೆ ಗೊತ್ತು. ಎರಡನೆಯ ಸಾಲಿನಲ್ಲಿ ದನಿ ಏರುವುದು, ಮೂರನೆಯದಕ್ಕೆ ಮೊದಲು ಮಾವ ಉಸಿರು ತೆಗೆದುಕೊಳ್ಳುವುದು, ಆಮೇಲೆ ತಾನು ಹೂಂ ಅನ್ನುವ ಜಾಗ, ಎಲ್ಲ ಗೊತ್ತು. ಹಳ್ಳದ ಹೆಸರು ಗೊತ್ತಿಲ್ಲ. ಒಂದು ಮಾತೂ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ಭಕ್ತಿಯಿಂದ ಕೂತು ಕೇಳಿದ್ದಾನೆ, ಒಂದು ದಿನವೂ ತೂಕಡಿಸಿಲ್ಲ. ಹೇಳುವವರು ಇದ್ದಾರಲ್ಲ ಎಂಬ ಧೈರ್ಯದಲ್ಲಿ ಕೇಳಿದ್ದ. ಮಾವನ ದನಿಯನ್ನು ಕೇಳಿದ್ದನೇ ಹೊರತು ಪದವನ್ನಲ್ಲ.

“ಗೊತ್ತಿಲ್ಲ ಮಾವ.”

ಮುದುಕರು ಹನ್ನೆರಡಕ್ಕೆ ಹಾರಿದರು. ಹದಿನಾಲ್ಕು ಅರ್ಧ ಬಂತು. ಕೊನೆಯದು, ತುಂಬಿದ ಕೆರೆಗೆ ಕೈಮುಗಿಯುವ ಪದ, ಇಡಿಯಾಗಿ ಬಂತು. ಉಳಿದ ನೀರುಗಳನ್ನು ಯಾರೂ ಕರೆಯಲಿಲ್ಲ. ಮೇಲೆ ಒಂದು ವಿಮಾನ ಕೆಳಕ್ಕಿಳಿಯುತ್ತ ಹೋಯಿತು.

“ವರ್ಷಕ್ಕೊಂದ್ಸಲ ಹೇಳ್ಕೊಂಡು ಬಂದಿದ್ದಕ್ಕೇ ಬಾಯಲ್ಲಿ ನಿಂತಿತ್ತು ಕಣೋ,” ಎಂದರು ಆದಿನಾರಾಯಣಪ್ಪ. “ಐದು ಸಲ ತಪ್ಪಿತು. ಅಷ್ಟೇ ಸಾಕಾಯ್ತು ಅದಕ್ಕೆ.”

ಮುನಿಕೃಷ್ಣನಿಗೆ ತಡೆಯಲಾಗಲಿಲ್ಲ. “ಅವತ್ತು ಬೀಗದ ಕೈ ನನ್ನ ಜೇಬಲ್ಲೇ ಇತ್ತು ಮಾವ. ಬಿಡಬೇಡ ಅಂತ ಯಾರೂ ಹೇಳಿರ್ಲಿಲ್ಲ. ನಾನೇ...”

“ಗೊತ್ತಿತ್ತು. ಜೇಬು ಜೋತಾಡ್ತಿತ್ತು.”

“ಮತ್ತೆ ಯಾಕೆ ಬೈಲಿಲ್ಲ? ಒಂದು ಮಾತು ಬೈದಿದ್ರೆ ತೆಗೆದುಬಿಡ್ತಿದ್ದೆ.”

“ಅದೂ ಗೊತ್ತಿತ್ತು. ನೀನಾಗೇ ತೆಗೀಲಿ ಅಂತ ನಿಂತಿದ್ದೆ. ನಂದೂ ಒಂದು ಹಟ.” ಅವರು ಕುಂಕುಮದ ಬೆರಳನ್ನು ಪಂಚೆಯ ಅಂಚಿಗೆ ಒರೆಸಿಕೊಂಡರು. “ಮಾರನೇ ವರ್ಷ ನೀನು ಕರಿಯೋಕೆ ಬರ್ತೀಯ ಅಂತ ತಲೆಗೆ ಸ್ನಾನ ಮಾಡ್ಕೊಂಡು ಜಗುಲೀಲಿ ಕೂತಿದ್ದೆ. ಅದರ ಮಾರನೇ ವರ್ಷಾನೂ ಕೂತಿದ್ದೆ. ಎದ್ದು ನಾಲ್ಕು ಹೆಜ್ಜೆ ನಿನ್ನ ಮನೆಗೆ ಬರ್ಬೋದಿತ್ತು. ಬರ್ಲಿಲ್ಲ.”

ಆ ಎರಡು ವರ್ಷವೂ ರೋಹಿಣಿಯ ದಿನ ಮುನಿಕೃಷ್ಣ ಕೆಲಸಕ್ಕೆ ಏರಿಯ ಆಚೆ ಬದಿಯಿಂದ, ಎರಡು ಮೈಲಿ ಬಳಸಿಕೊಂಡು ಹೋಗಿದ್ದ.

“ಮನೇಲಿ ಅವಳು ಕೇಳ್ತಾಳೆ,” ಎಂದರು ಮುದುಕರು ಏಳುತ್ತ. “ಪೂರ್ತಿ ಆಯ್ತು ಅನ್ನು.”

“ಸುಳ್ಳು ಹೇಳ್ಲಾ ಮಾವ? ಗಂಗಮ್ಮನ ಮುಂದಿನ ವಿಷಯ.”

“ಪೂರ್ತಿ ಆಯ್ತೋ ಇಲ್ವೋ ಅಂತ ಹೇಳ್ಬೇಕಾದೋನು ಕೇಳಿದೋನು, ಹೇಳಿದೋನಲ್ಲ. ನಿಮ್ಮಪ್ಪ ಪ್ರತಿವರ್ಷ ಬಂದು ಹೇಳ್ತಿದ್ದ, ಆಮೇಲೆ ನೀನು. ನನ್ನ ಮಾತನ್ನ ಅವಳು ನಂಬಲ್ಲ, ನಿನ್ನದನ್ನ ನಂಬ್ತಾಳೆ. ಅಷ್ಟು ಮಾಡು.”

ಸೈಕಲ್ ಮನೆ ಮುಟ್ಟಿದಾಗ ನರಸಮ್ಮ ಬಾಗಿಲಿಗೆ ನೀರು ಹಾಕಿ, ರಂಗೋಲೆ ಬಿಟ್ಟು, ಹೊಸ್ತಿಲಲ್ಲೇ ನಿಂತಿದ್ದರು. ಗಂಡನ ಮುಖ ನೋಡಲಿಲ್ಲ, ಮುನಿಕೃಷ್ಣನ ಮುಖ ನೋಡಿದರು.

“ಇಪ್ಪತ್ತೊಂದೂ ಆಯ್ತೇನಪ್ಪಾ?”

“ಎಲ್ಲಾ ಆಯ್ತು ಅತ್ತೆ. ಒಂದೂ ಬಿಡ್ಲಿಲ್ಲ.”

ನರಸಮ್ಮ ಎರಡೂ ಕೈ ಎತ್ತಿ ಕೆರೆಯ ದಿಕ್ಕಿಗೆ ಮುಗಿದರು. ಆದಿನಾರಾಯಣಪ್ಪ ಕಾಲು ತೊಳೆಯಲು ಹಿತ್ತಿಲಿಗೆ ಹೋದರು. ನರಸಮ್ಮ ಮುನಿಕೃಷ್ಣನಿಗೆ ನಡುಮನೆಯಲ್ಲಿ ಮಣೆ ಹಾಕಿ, ಮುತ್ತುಗದ ಎಲೆ ಇಟ್ಟರು. ಪದ ಮುಗಿದ ದಿನ ತಂಬಿಟ್ಟಿನ ಮೊದಲ ಉಂಡೆ ಕೇಳಿದವನಿಗೆ, ಮನೆಯವರದು ಆಮೇಲೆ. ಇವರು ಹೊರಟ ಮೇಲೆ ಅಕ್ಕಿಹಿಟ್ಟು ಹುರಿದು, ಬೆಲ್ಲದ ಪಾಕ ಹಿಡಿದು, ಹುರಿಗಡಲೆ ಎಳ್ಳು ಹಾಕಿ ಕಟ್ಟಿದ್ದರು. ಉಂಡೆ ಇನ್ನೂ ಬೆಚ್ಚಗಿತ್ತು. ಮುನಿಕೃಷ್ಣ ಅದನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ಕೂತ. ಅವರು ನೋಡುತ್ತಿದ್ದರು. ಮುರಿದು ಬಾಯಿಗೆ ಹಾಕಿಕೊಂಡ.

“ಐದು ವರ್ಷದಿಂದ ಈ ಮನೇಲಿ ತಂಬಿಟ್ಟು ಕಟ್ಟಿರ್ಲಿಲ್ಲ ನೋಡು,” ಎಂದರು ನರಸಮ್ಮ, ಎದುರಿಗೆ ಕೂರುತ್ತ. ಅವರ ಮುಖ ಹಗುರವಾಗಿತ್ತು. “ಐವತ್ತು ವರ್ಷ ಸಂಸಾರ ಮಾಡಿದೀನಿ, ಒಂದ್ಸಲಾನೂ ಅಲ್ಲಿಗೆ ಹೋಗಿಲ್ಲ. ಅಡಿಗೆ ಮಾಡ್ಕೊಂಡು ಕೂತ್ಕೊಳ್ಳೋದೇ ಆಯ್ತು. ಈಗ ಸೈಕಲ್ ಹೋಗೋ ದಾರಿ ಐತಲ್ಲ. ಮುಂದಿನ ವರ್ಷ ಮೊದಲು ಅವರನ್ನ ಬಿಟ್ಟು, ಆಮೇಲೆ ನನ್ನೂ ಕರ್ಕೊಂಡ್ಹೋಗು. ಒಂದೊಂದು ಪದಾನೂ ಕಿವಿಯಾರ ಕೇಳ್ಬೇಕು ಅಂತ ಆಸೆ ಕಣಪ್ಪಾ.”

ಹಿತ್ತಿಲಲ್ಲಿ ಚೊಂಬಿನಿಂದ ನೀರು ಬೀಳುತ್ತಿದ್ದ ಸದ್ದು ನಿಂತಿತು. ಮುನಿಕೃಷ್ಣನ ಬಾಯಿ ತುಂಬ ತಂಬಿಟ್ಟು ಇತ್ತು. ನರಸಮ್ಮ ಅವನ ಉತ್ತರಕ್ಕೆ ಕಾಯುತ್ತ, ಎಲೆಗೆ ಇನ್ನೊಂದು ಉಂಡೆ ಇಟ್ಟರು.