ಏಕಾಂತಪ್ಪನವರ ಬಳಗ

ಮೂಡಿಗೆರೆಯ ಬಸ್ ನಿಲ್ದಾಣದ ಹತ್ತಿರ ಜವಳಿ ಅಂಗಡಿ ಇಟ್ಟಿದ್ದ ಏಕಾಂತಪ್ಪನವರು ಇಪ್ಪತ್ತು ವರ್ಷಗಳಿಂದ ಕಥೆ ಬರೆಯುತ್ತಿದ್ದರು. ಊರಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವರೇ ಗೊತ್ತು ಮಾಡಿಸುತ್ತಿದ್ದರು. ಮದುವೆ ಜವಳಿಗೆ ಬಂದವರು ಸೀರೆ ಆರಿಸಿ ಮುಗಿಸಿ, ಇನ್ನೇನು ಗಂಟು ಕಟ್ಟಬೇಕು ಅನ್ನುವಾಗ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದಿಷ್ಟು ಹಾಳೆ ಹೊರಬರುತ್ತಿದ್ದವು. "ಹತ್ತೇ ನಿಮಿಷ, ಕೂತ್ಕೊಳ್ಳಿ" ಎನ್ನುತ್ತಿದ್ದರು. ಧಾರೆ ಸೀರೆ ಅವರ ತೊಡೆಯ ಮೇಲಿರುವಾಗ ಎದ್ದು ಹೋಗುವ ಧೈರ್ಯ ಯಾರಿಗಿದೆ? ಹತ್ತು ನಿಮಿಷ ನಲವತ್ತಾಗಿ, ಅವರು ಓದಿ ಮುಗಿಸಿ ಕನ್ನಡಕ ತೆಗೆದರೆ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಜೀವನದಲ್ಲಿ ಮೊದಲ ಬಾರಿಗೆ ಒಮ್ಮತಕ್ಕೆ ಬಂದು "ಬಹಳ ಚೆನ್ನಾಗಿದೆ" ಎನ್ನುತ್ತಿದ್ದರು.

ಇಷ್ಟು ಜನ ಮೆಚ್ಚಿದ ಕಥೆಗಳನ್ನು ಪತ್ರಿಕೆಯವರು ಮಾತ್ರ ಮುಟ್ಟುತ್ತಿರಲಿಲ್ಲ. ಹೋದ ಲಕೋಟೆ ಹದಿನೈದು ದಿನಕ್ಕೆ ಮರಳಿ ಬರುತ್ತಿತ್ತು. ಒಳಗೆ ಅಚ್ಚು ಹಾಕಿಸಿದ ಎರಡು ಸಾಲಿನ ಚೀಟಿ. ಯಾಕೆ ಬೇಡ ಅಂತ ಒಂದು ಅಕ್ಷರವಿಲ್ಲ.

"ತಪ್ಪೇನು ಅಂತ ಹೇಳೋರೇ ಇಲ್ವಲ್ಲ ಈ ಸೀಮೇಲಿ" ಎಂದು ಅವರು ಸೌಜನ್ಯಳ ಎದುರು ಗೋಳು ಹೇಳಿಕೊಂಡಿದ್ದು ಎರಡು ಸಾವಿರದ ನಾಲ್ಕನೇ ಇಸವಿಯ ಚಳಿಗಾಲದಲ್ಲಿ. ಸೌಜನ್ಯ ಅವರ ಅಂಗಡಿಯ ಪಕ್ಕದಲ್ಲಿ ಇಂಟರ್ನೆಟ್ ಸೆಂಟರ್ ನಡೆಸುತ್ತಿದ್ದಳು. ಅವಳ ಅಪ್ಪ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದ್ದ ಜಾಗ. ಈಗ ಟೈಪ್‌ರೈಟರ್ ಹೋಗಿ ನಾಲ್ಕು ಕಂಪ್ಯೂಟರ್ ಬಂದಿದ್ದವು, ನಾಲ್ಕಕ್ಕೂ ಏಕಾಂತಪ್ಪನವರ ಅಂಗಡಿಯದೇ ಪರದೆ ಬಟ್ಟೆ.

"ಎದುರಿಗೆ ಕೂತು ಯಾರೂ ಹೇಳಲ್ಲ ಅಂಕಲ್" ಅಂದಳು ಸೌಜನ್ಯ. "ಮುಖ ಕಾಣದಿದ್ರೆ ಹೇಳ್ತಾರೆ. ಇಂಟರ್ನೆಟ್ಟಲ್ಲಿ ಒಂದು ಗುಂಪು ಮಾಡಿ. ಒಬ್ರು ಕಥೆ ಕಳಿಸೋದು, ಮಿಕ್ಕೋರು ಓದಿ ಉಪ್ಪು ಖಾರ ಹೇಳೋದು. ಎಲ್ಲಾ ಈಮೇಲಲ್ಲೇ."

ಏಕಾಂತಪ್ಪನವರಿಗೆ ಇದು ಹಿಡಿಸಿತು. ತಪ್ಪು ಹೇಳುವವರು ಬೇಕು ಎಂದು ಅವರು ನಂಬಿದ್ದರು. ನಿಜಕ್ಕೂ ಬೇಕಾಗಿದ್ದವರು ತಪ್ಪಿಲ್ಲ ಎಂದು ಹೇಳುವ ಹೊಸ ಜನ, ಅಷ್ಟೆ. ಸೌಜನ್ಯ 'ಮಲೆನಾಡು ರೈಟರ್ಸ್ ಬಳಗ' ಎಂದು ಹೆಸರಿಟ್ಟು, ಮೂಡಿಗೆರೆ, ಚಿಕ್ಕಮಗಳೂರಿನ ಇಂಟರ್ನೆಟ್ ಸೆಂಟರ್‌ಗಳಲ್ಲೆಲ್ಲ ಒಂದು ಕರಪತ್ರ ಅಂಟಿಸಿದಳು. 'ರೈಟರ್‌ಗಳೇ, ಒಂದಾಗಿ! ನಿಮ್ಮ ಬರವಣಿಗೆಯ ಕಷ್ಟಗಳನ್ನು ಹಂಚಿಕೊಳ್ಳಿ. ಮುಲಾಜಿಲ್ಲದೆ ಮಾತಾಡಿ.'

ಎರಡು ವಾರ ಯಾರೂ ಒಂದಾಗಲಿಲ್ಲ. ಮೂರನೇ ವಾರ ದೀಪಶ್ರೀ ಸೇರಿದರು. ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಲೆಕ್ಚರರ್. ಅವರ ಕಥೆಯಲ್ಲಿ ಒಬ್ಬಳು ಕಿಟಕಿಯ ಬಳಿ ನಿಂತಿರುತ್ತಿದ್ದಳು. ಕಥೆ ಮುಗಿದಾಗಲೂ ಅಲ್ಲೇ ನಿಂತಿರುತ್ತಿದ್ದಳು.

ಆಮೇಲೆ ಬಣಕಲ್‌ನಿಂದ ತಮ್ಮಯ್ಯ ಎಂಬುವರದು ಒಂದು ಬರಹ ಬಂತು. 'ಬಳಗ ಆಗಿದ್ದು ಒಳ್ಳೆಯದಾಯಿತು. ಇಪ್ಪತ್ತಾರು ವರ್ಷದಿಂದ ಬರೆಯುತ್ತಿದ್ದೇನೆ, ಯಾರೂ ಕೇಳಿದವರಿಲ್ಲ. ಬೆಳಿಗ್ಗೆ ಏಳೂವರೆಯಿಂದ ಬರೆದರೂ ಸಂಜೆಗೆ ಮುಗಿಯುವುದಿಲ್ಲ. ಮನೆಯ ಹಂಚು ಒಡೆದು ಮೂರು ಮಳೆಗಾಲವಾಯಿತು. ಪಾತ್ರೆ ಇಟ್ಟಿದ್ದೇನೆ. ಪಾತ್ರೆ ತುಂಬುತ್ತದೆ.'

ದೀಪಶ್ರೀ ಅಂದೇ ಉತ್ತರ ಬರೆದರು. ಬರಹಗಾರನ ಒಂಟಿತನವನ್ನು ಸೋರುವ ಮನೆಯ ಪ್ರತಿಮೆಯಲ್ಲಿ ಹಿಡಿದಿರುವುದು ಅಪರೂಪ, ತುಂಬುವ ಪಾತ್ರೆ ಮನಸ್ಸನ್ನು ಕಾಡುತ್ತದೆ, ಆದರೆ ಅಂತ್ಯ ತುಸು ಅವಸರವಾಯಿತು.

ತಮ್ಮಯ್ಯ ಮರುದಿನ ಬರೆದರು: 'ಅಂತ್ಯ ಇನ್ನೂ ಆಗಿಲ್ಲ ಮೇಡಂ. ಬರುವ ಮಳೆಗೂ ಸೋರುತ್ತೆ. ಮಾಲೀಕರಿಗೆ ಬಳಗದಿಂದ ಒಂದು ಪತ್ರ ಹಾಕಿದರೆ ಉಪಕಾರವಾಗುತ್ತೆ.'

ಸೌಜನ್ಯ ಪರದೆಯ ಹಿಂದೆ ಬಾಯಿಗೆ ಕೈ ಇಟ್ಟುಕೊಂಡು ಐದು ನಿಮಿಷ ನಕ್ಕಳು. ಕಾಫಿ ಸೀಮೆಯಲ್ಲಿ ರೈಟರ್ ಎಂದರೆ ತೋಟದಲ್ಲಿ ಆಳುಗಳ ಹಾಜರಿ ಬರೆಯುವ ಗುಮಾಸ್ತ. ಕಥೆ ಬರೆಯುವವರಿಗೆ ಅಲ್ಲಿ ಬೇರೆ ಹೆಸರುಗಳಿವೆ, ಅವನ್ನು ಕರಪತ್ರದಲ್ಲಿ ಹಾಕುವಂತಿಲ್ಲ. ತೋಟದ ಆಫೀಸಿನಲ್ಲಿ ಮಾಲೀಕರು ಕಾಫಿ ರೇಟು ನೋಡಲು ಇಟ್ಟಿದ್ದ ಕಂಪ್ಯೂಟರಿನಲ್ಲಿ ತಮ್ಮಯ್ಯ ಈ ಬಳಗಕ್ಕೆ ಬಂದು ಸೇರಿದ್ದರು, ನೌಕರರ ಸಂಘವೆಂದು ತಿಳಿದು. ಸೌಜನ್ಯ ವಿಷಯ ಬಿಡಿಸಿ ಬರೆದಳು. 'ಓಹೋ ಕಥೆಯಾ' ಎಂದು ಉತ್ತರ ಬಂತು. 'ಪರವಾಗಿಲ್ಲ. ಬಂದಿದ್ದೀನಲ್ಲ, ಇರ್ತೀನಿ. ಓದೋಕೆ ಅಡ್ಡಿಯಿಲ್ಲ.'

ಏಕಾಂತಪ್ಪನವರು ತಮ್ಮ ಅತ್ಯುತ್ತಮ ಕಥೆಯನ್ನೇ ಹೊರತೆಗೆದರು. ಕೊಟ್ಟಿಗೆಹಾರದ ಕಡೆಯ ತೋಟವೊಂದರಲ್ಲಿ ಕೆಲಸ ಮಾಡುವ ಗೌರಿ ಎಂಬ ಬಡ ಗರ್ಭಿಣಿ. ಅವಳನ್ನು ಕಾಡುವವನು, ಮೀಸೆ ತಿರುವುತ್ತಾ ತಿರುಗುವ ಒಬ್ಬ ದುಷ್ಟ ರೈಟರ್. ಕಡೆಗೆ ಗೌರಿ ಹಾಳು ಬಾವಿಯತ್ತ ನಡೆಯುತ್ತಾಳೆ. ಬಾವಿಗೆ ಹಾರುವ ಮುಂಚೆ ಒಂದೂವರೆ ಪುಟ ಮಾತಾಡುತ್ತಾಳೆ. ಇದನ್ನು ಕೇಳಿ ಸೀರೆ ಕೊಳ್ಳಲು ಬಂದ ಅಜ್ಜಿಯೊಬ್ಬರು ಅತ್ತೇಬಿಟ್ಟಿದ್ದರು.

ಆಗ ಈಮೇಲಿನಲ್ಲಿ ಕನ್ನಡ ಅಕ್ಷರ ಹಾಕಿದರೆ ಎಲ್ಲರಿಗೂ ಬರೀ ಚೌಕಗಳು ಕಾಣುತ್ತಿದ್ದವು. ಹಾಗಾಗಿ ಸೌಜನ್ಯ ಇಡೀ ಕಥೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದಳು. ಅದರಲ್ಲಿ ಲಕಾರ, ಳಕಾರ ಎರಡಕ್ಕೂ ಒಂದೇ ಅಕ್ಷರ. ದೀಪಶ್ರೀಯವರ ವಿಮರ್ಶೆ ಎರಡು ದಿನಕ್ಕೆ ಬಂತು: 'ಹಾಲು ಬಾವಿಯ ಕಲ್ಪನೆ ನನ್ನನ್ನು ಬೆಚ್ಚಿಬೀಳಿಸಿತು. ತಾಯಾಗಲಿರುವವಳು ಹಾಲಿನ ಬಾವಿಯಲ್ಲಿ ಲೀನವಾಗುವುದು! ಇದು ಬರೀ ಕಥೆಯಲ್ಲ, ಪುರಾಣ.'

"ಅಂಕಲ್, ಅದು ಹಾಳು ಬಾವಿ ಅಲ್ವಾ?" ಅಂದಳು ಸೌಜನ್ಯ.

"ಸುಮ್ನಿರು ಮಾರಾಯ್ತಿ" ಎಂದರು ಏಕಾಂತಪ್ಪನವರು, ಕನ್ನಡಕ ಒರೆಸಿಕೊಳ್ಳುತ್ತಾ. "ಓದೋರಿಗೆ ಅಷ್ಟು ಸ್ವಾತಂತ್ರ್ಯ ಕೊಡ್ಬೇಕು." ಆ ವಿಮರ್ಶೆಯ ಐದು ಪ್ರಿಂಟ್ ತೆಗೆಸಿಕೊಂಡು ಹೋದರು.

ತಮ್ಮಯ್ಯನವರ ಪತ್ರ ಅದರ ಮರುದಿನ ಬಂತು. ಅದರ ಪ್ರಿಂಟ್ ಬೇಕೆಂದು ಏಕಾಂತಪ್ಪನವರು ಕೇಳಲಿಲ್ಲ. ಸೌಜನ್ಯಳೇ ತೆಗೆದು ಕೊಟ್ಟಳು.

'ಮಾನ್ಯರೇ, ಮುಲಾಜಿಲ್ಲದೆ ಎಂದಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಗೌರಿ ಮೊದಲ ಪುಟದಲ್ಲಿ ಎಂಟು ತಿಂಗಳ ಗರ್ಭಿಣಿ. ಮೂರನೇ ಪುಟದಲ್ಲಿ ಏಣಿ ಹತ್ತಿ ಕಾಳುಮೆಣಸು ಕೊಯ್ಯುತ್ತಾಳೆ. ಹತ್ತಿಸಿದ ಮೇಸ್ತ್ರಿ ಯಾರು? ಅವನ ಹೆಸರು ಕೊಡಿ. ಗಿಡದಲ್ಲಿ ಹಣ್ಣು ಇರುವಾಗಲೇ ಕಾಫಿ ಹೂವು ಅರಳಿದೆ. ಕೆಲವು ವರ್ಷ ಮಳೆ ಮುಂಚೆ ಬಿದ್ದು ಹಾಗೆ ಆಗುವುದುಂಟು, ಆಗ ಫಸಲು ಹಾಳಾಯಿತೆಂದು ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ನಿಮ್ಮ ಕಥೆಯಲ್ಲಿ ಹಾಡುತ್ತಿದ್ದಾರೆ. ರೈಟರ್ ಬೆಳಿಗ್ಗೆ ಹತ್ತು ಗಂಟೆಗೆ ಗೌರಿಯ ಹಿಂದೆ ಅಲೆಯುತ್ತಾನೆ. ಆ ಹೊತ್ತಿಗೆ ಮಾಲೀಕರ ಜೀಪು ಬರುತ್ತೆ, ರೈಟರ್ ಆದವನಿಗೆ ಒಂದಕ್ಕೆ ಹೋಗಲೂ ಪುರಸೊತ್ತಿರುವುದಿಲ್ಲ. ಕೊನೆಯದಾಗಿ, ಗೌರಿ ಯಾಕೆ ಸಾಯಬೇಕು ಅಂತ ಗೊತ್ತಾಗಲಿಲ್ಲ. ಅವಳ ತವರು ಕಳಸ, ಅಣ್ಣಂದಿರು ಒಳ್ಳೆಯವರು ಅಂತ ನೀವೇ ಬರೆದಿದ್ದೀರಿ. ಕೊಟ್ಟಿಗೆಹಾರದಿಂದ ನಾಲ್ಕೂಕಾಲಿಗೆ ಕಳಸಕ್ಕೆ ಬಸ್ಸಿದೆ. ಇಂತಿ ತಮ್ಮಯ್ಯ.'

ಅದೇ ಈಮೇಲಿನಲ್ಲಿ ದೀಪಶ್ರೀಯವರ ಕಥೆಗೂ ಒಂದು ಸಾಲಿತ್ತು: 'ಮೇಡಂ, ಆ ಹೆಣ್ಣುಮಗಳಿಗೆ ಒಂದು ಕುರ್ಚಿ ಕೊಡಿ.'

ಏಕಾಂತಪ್ಪನವರ ಕಿವಿ ಕೆಂಪಾಯಿತು. "ತೆಗ್ದುಹಾಕು ಅವನನ್ನ."

"ಯಾಕೆ ಅಂಕಲ್? ನೀವು ಹೇಳಿದಂಗೇ ಬರ್ದಿದಾರೆ."

"ಆಳು ಎಣಿಸೋನಿಗೆ ಕಥೆ ಏನು ಗೊತ್ತಾಗುತ್ತೆ?"

"ಎಣಿಸಿದ್ರಿಂದಾನೇ ಗೊತ್ತಾಗಿದ್ದು ಅನ್ಸುತ್ತೆ" ಎಂದಳು ಸೌಜನ್ಯ. ಆದರೂ ಬಳಗ ಅವರದು, ಮಾತು ಅವರದು. ಒಂದು ಗುಂಡಿ ಒತ್ತಿದಳು. ತಮ್ಮಯ್ಯ ಹೋದರು. ಸುದ್ದಿ ತಿಳಿದ ದೀಪಶ್ರೀ, ಭಿನ್ನಮತಕ್ಕೆ ಜಾಗವಿಲ್ಲದ ಕಡೆ ತಾನಿರುವುದಿಲ್ಲ ಎಂದು ಅರ್ಧ ಪುಟ ಬರೆದು ತಾವೇ ಹೊರಟರು. ಕುರ್ಚಿಯ ಮಾತು ಅವರಿಗೆ ನಿಜಕ್ಕೂ ನಾಟಿತ್ತಂತೆ, ಒಳ್ಳೆಯ ರೀತಿಯಲ್ಲಿ.

"ಈಗ ಬಳಗದಲ್ಲಿ ನೀವೊಬ್ರೇ ಅಂಕಲ್" ಎಂದಳು ಸೌಜನ್ಯ. "ಹೆಸರಿಗೆ ಸರಿಯಾಯ್ತು."

ಮಧ್ಯಾಹ್ನ ಊಟಕ್ಕೆ ಕೂತಾಗ ಏಕಾಂತಪ್ಪನವರು ತಮ್ಮಯ್ಯನ ಪತ್ರವನ್ನು ಹೆಂಡತಿ ಮುದ್ದಮ್ಮನಿಗೆ ಓದಿ ಹೇಳಿದರು. ತಮ್ಮ ಪರವಾಗಿ ಅವಳಿಗೂ ಸಿಟ್ಟು ಬರಲಿ ಎಂಬುದು ಅವರ ಆಸೆ. ಏಣಿಯ ಜಾಗಕ್ಕೆ ಬರುವಷ್ಟರಲ್ಲಿ ಮುದ್ದಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಗೋಡೆಗೆ ಒರಗಿ ನಗುತ್ತಿದ್ದಳು.

"ಅಲ್ರೀ, ನಂಗೆ ಎಂಟು ತುಂಬಿದಾಗ ಅಟ್ಟದ ಮೆಟ್ಲು ಹತ್ತೋಕೂ ಬಿಡ್ಲಿಲ್ಲ ನೀವು. ಆ ಪಾಪದವಳನ್ನ ಮರ ಹತ್ಸಿದೀರಲ್ಲ!"

"ಅದು ಬಡತನದ ಚಿತ್ರಣ ಕಣೆ."

"ಬಡವ್ರಿಗೆ ಹೊಟ್ಟೆ ಭಾರ ಇರಲ್ವಾ? ಮತ್ತೆ ಬಸ್ಸಿದ್ದ ಮೇಲೆ ಬಾವಿಗೆ ಯಾಕೆ ಹೋಗ್ತಾಳೆ?"

ಏಕಾಂತಪ್ಪನವರು ಅರ್ಧ ಊಟಕ್ಕೇ ಎದ್ದರು. ಮೂರು ದಿನ ಅಂಗಡಿಯಲ್ಲಿ ಯಾರಿಗೂ ಕಥೆ ಓದಲಿಲ್ಲ. ಗಿರಾಕಿಗಳು ಗಾಬರಿಯಾಗಿ ಹುಷಾರಿದೀರಾ ಎಂದು ಕೇಳಿದರು. ಅವರಿಗೆ ಅವಮಾನವಾದದ್ದು ನಿಜ; ಅದರ ಅಡಿಯಲ್ಲಿ ಇನ್ನೊಂದು ಕಿರಿಕಿರಿ ಕೂತಿತ್ತು. ಇಪ್ಪತ್ತು ವರ್ಷದಲ್ಲಿ ಅವರ ಕಥೆಯ ಊರು, ತವರು, ಅಣ್ಣಂದಿರು ಎಲ್ಲವನ್ನೂ ನೆನಪಿಟ್ಟುಕೊಂಡು ಓದಿದವನು ಈ ಭೂಮಿಯ ಮೇಲೆ ಒಬ್ಬನೇ. ಅವನನ್ನೇ ಓಡಿಸಿಯಾಗಿತ್ತು.

ಅಂಗಡಿ ರಜೆಯ ದಿನ ಒಗೆದ ಪಂಚೆ ಉಟ್ಟು ಬಣಕಲ್ ಬಸ್ ಹತ್ತಿದರು. ಅಲ್ಲಿಂದ ಎರಡು ಮೈಲಿ ನಡೆದರೆ ತಮ್ಮಯ್ಯ ಕೆಲಸ ಮಾಡುವ ತೋಟ. ಮೆಣಸಿನ ಕೊಯ್ಲು ನಡೆದಿತ್ತು. ಕೈಯಲ್ಲಿ ಪುಸ್ತಕ ಹಿಡಿದು ನಿಂತಿದ್ದ ಕುಳ್ಳನೆಯ ಮನುಷ್ಯನಿಗೆ ಮೀಸೆಯೇ ಇರಲಿಲ್ಲ. ಏಕಾಂತಪ್ಪನವರು ಹೆಸರು ಹೇಳಿದರು.

"ಓ, ಬನ್ನಿ ಬನ್ನಿ! ನನ್ನನ್ನ ಡಿಸ್‌ಮಿಸ್ ಮಾಡಿದೋರು ನೀವೇ ಅಲ್ವಾ?" ಎಂದರು ತಮ್ಮಯ್ಯ, ಸ್ವಲ್ಪವೂ ಬೇಜಾರಿಲ್ಲದೆ. "ಇಷ್ಟು ವರ್ಷದಲ್ಲಿ ಮಾಲೀಕ್ರೂ ಮಾಡಿರ್ಲಿಲ್ಲ. ಕಾಫಿ ಕುಡೀತೀರಾ?"

ಕಾಫಿ ಕುಡಿದಾಯಿತು. ಸೋರುವ ಹಂಚು ನೋಡಿದ್ದಾಯಿತು. ಆಮೇಲೆ ಏಕಾಂತಪ್ಪನವರು ಗಂಟಲು ಸರಿಮಾಡಿಕೊಂಡು, ಏಣಿಯ ಬಗ್ಗೆ ನೀವು ಬರೆದಿದ್ದು ಸ್ವಲ್ಪ ಹೆಚ್ಚಾಯಿತು, ಮನಸ್ಸು ಮಾಡಿದರೆ ಯಾರಾದರೂ ಹತ್ತಬಹುದು ಎಂದರು.

"ಹತ್ತಿ" ಎಂದರು ತಮ್ಮಯ್ಯ.

ಏಣಿ ಎಂದರೆ ಒಂಟಿ ಬಿದಿರು, ಗೆಣ್ಣಿನ ಹತ್ತಿರ ಕಾಲಿಡಲು ಒಂದಿಷ್ಟು ಮೋಟುಗಳು. ಏಕಾಂತಪ್ಪನವರು ಪಂಚೆ ಎತ್ತಿ ಕಟ್ಟಿ, ಮೆಣಸಿನ ಬಳ್ಳಿ ಹಬ್ಬಿದ್ದ ಸಿಲ್ವರ್ ಮರಕ್ಕೆ ಒರಗಿಸಿದ ಅದನ್ನು ಹಿಡಿದು ಎಂಟು ಮೆಟ್ಟಿಲು ಹತ್ತಿದರು. ಒಂಬತ್ತನೆಯದಕ್ಕೆ ಬಿದಿರು ಬಳುಕಿತು. ಅವರು ಮರವನ್ನು ಅಪ್ಪಿಕೊಂಡರು. ಕಥೆಯಲ್ಲಿ ಗೌರಿ ಇದೇ ಎತ್ತರದಲ್ಲಿ ನಿಂತು ಮುಳುಗುವ ಸೂರ್ಯನನ್ನು ನೋಡುತ್ತಾ ಹಾಡಿದ್ದಳು. ಇಲ್ಲಿ ಮೂಗಿನ ಮುಂದೆ ಮೆಣಸಿನ ಎಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ, ಮತ್ತು ಕೆಂಪಿರುವೆಗಳು ಪಂಚೆಯೊಳಗೆ ದಾರಿ ಹುಡುಕಿಕೊಂಡಿದ್ದವು.

"ಹಾಡು ಹೇಳ್ತೀರಾ?" ಎಂದು ಕೆಳಗಿನಿಂದ ತಮ್ಮಯ್ಯ ಕೂಗಿದರು. ಕೆಲಸದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಇಬ್ಬರು ಹಿಡಿದು ಇಳಿಸಬೇಕಾಯಿತು. ಏಕಾಂತಪ್ಪನವರು ಕಲ್ಲಿನ ಮೇಲೆ ಕೂತು ಪಂಚೆಯೊಳಗಿನ ಇರುವೆ ಕೊಡವಿಕೊಂಡರು. ಆಮೇಲೆ, "ನಿಮ್ಮನ್ನ ವಾಪಸ್ ಸೇರಿಸ್ತೀನಿ" ಎಂದರು. "ತಪ್ಪಾಯ್ತು."

"ಸೇರ್ಸಿ. ಆದ್ರೆ ಆ ರೈಟರ್ ಮೀಸೆ ತೆಗ್ಸಿ, ಕೇಡಿಗತನಾನೂ ತೆಗ್ಸಿ. ಕೇಡಿ ಬೇಕೇ ಬೇಕು ಅಂದ್ರೆ ಜವಳಿ ಅಂಗಡಿಯವನನ್ನ ಮಾಡಿ. ನಿಮಗೆ ಗೊತ್ತಿರೋ ವಿಷಯ."

ಮನೆಗೆ ಬರುವ ದಾರಿಯುದ್ದಕ್ಕೂ ಈ ಮಾತಿಗೆ ಸಿಟ್ಟು ಮಾಡಿಕೊಂಡಿದ್ದರು. ಆಮೇಲೆ ಹಾಗೇ ಬರೆದರು. ಗೌರಿಗೆ ಹಳೇ ಸ್ಟಾಕನ್ನು ಹೊಸದೆಂದು ಕೊಟ್ಟು, ಅದರ ಮೇಲೆ ಒಳ್ಳೆಯವನೆನ್ನಿಸಿಕೊಳ್ಳಲು ಬಯಸುವ ಒಬ್ಬ ವ್ಯಾಪಾರಿ ಸಲೀಸಾಗಿ ಹಾಳೆಯ ಮೇಲೆ ಇಳಿದು ಕೂತ. ಎಲ್ಲಿಂದ ಬಂದನೋ ಎಂದು ಏಕಾಂತಪ್ಪನವರೇ ಒಂದು ಕ್ಷಣ ಬೆರಗಾದರು. ತಮ್ಮಯ್ಯ, ದೀಪಶ್ರೀ ಇಬ್ಬರೂ ಮರಳಿ ಬಂದರು. ಮಳೆಗಾಲದಲ್ಲಿ ಫೋನ್ ಲೈನ್ ಬಿದ್ದು ವಾರಗಟ್ಟಲೆ ಬಳಗ ಮೂಕವಾಗುತ್ತಿತ್ತು. ಲೈನ್ ಬಂದ ಕೂಡಲೇ ಜಗಳ ಶುರುವಾಗುತ್ತಿತ್ತು. ನಾಲ್ಕನೇ ಸಲ ತಿದ್ದಿದಾಗ ಗೌರಿ ಬಾವಿಯ ಕಡೆ ಹೋಗಲೇ ಇಲ್ಲ. ಕೈಚೀಲ ಹಿಡಿದು ಕೊಟ್ಟಿಗೆಹಾರಕ್ಕೆ ನಡೆದಳು, ಬಸ್ ಹತ್ತಿದಳು, ಕಿಟಕಿ ಪಕ್ಕದ ಸೀಟಿಗಾಗಿ ಒಬ್ಬಳ ಜೊತೆ ಜಗಳವಾಡಿ ಗೆದ್ದಳು.

ಚಿಕ್ಕಮಗಳೂರಿನ ಒಂದು ಸಣ್ಣ ವಾರಪತ್ರಿಕೆ ದೀಪಾವಳಿಗೆ ಕಥೆ ಹಾಕಿತು. ಹಾಕಿತು ಎಂದರೆ, ಪೂರ್ತಿ ಹಾಕಲಿಲ್ಲ. ಒಂದು ಜಾಹೀರಾತು ಕೊನೆ ಗಳಿಗೆಯಲ್ಲಿ ಬಂದಿದ್ದರಿಂದ ಕಡೆಯ ಎರಡು ಪ್ಯಾರಾ ಹಾರಿಹೋಗಿದ್ದವು. ಗೌರಿ ಬಸ್ ನಿಲ್ದಾಣದಲ್ಲಿ ನಿಂತಳು ಎಂಬಲ್ಲಿಗೆ ಕಥೆ ನಿಂತು, ಅದರ ಕೆಳಗೆ ಪಂಪ್‌ಸೆಟ್ಟಿನ ಚಿತ್ರವಿತ್ತು. ತಮ್ಮಯ್ಯ ಫೋನ್ ಮಾಡಿ ಸಂಪಾದಕನಿಗೆ ಹೇಳಬೇಕಾದ್ದನ್ನೆಲ್ಲ ಏಕಾಂತಪ್ಪನವರಿಗೆ ಹೇಳಿದರು. ದೀಪಶ್ರೀ ಮಾತ್ರ ಇದೇ ನಿಜವಾದ ಅಂತ್ಯ ಎಂದು ಬರೆದರು.

ಎರಡು ದಿನ ಏಕಾಂತಪ್ಪನವರು ಪತ್ರಿಕೆಯನ್ನು ಮಡಚಿ ಗಲ್ಲಾಪೆಟ್ಟಿಗೆಯ ಕೆಳಗಿಟ್ಟಿದ್ದರು, ಯಾರಿಗೂ ತೋರಿಸಲಿಲ್ಲ. ಮೂರನೇ ದಿನ ಕಳಸದ ಕಡೆಯ ಸರೋಜಮ್ಮ ಎಂಬುವರು ರವಿಕೆ ಕಣಕ್ಕೆ ಬಂದವರು, ಬಟ್ಟೆ ನೋಡುವುದು ಬಿಟ್ಟು, "ಕಥೆ ಬರ್ದಿದ್ದು ನೀವಂತೆ. ಆ ಹುಡುಗಿಗೆ ಬಸ್ ಸಿಕ್ತಾ?" ಎಂದರು.

ಏಕಾಂತಪ್ಪನವರು ಬಾಯಿ ತೆರೆಯುವ ಮುಂಚೆ ಪಂಚೆ ಕೊಳ್ಳುತ್ತಿದ್ದ ಕೃಷ್ಣಪ್ಪ ತಿರುಗಿದರು. "ಎಲ್ಲಿ ಸಿಗುತ್ತೆ? ಆ ಬಸ್ಸು ದಿನಾ ಕೈಕೊಡುತ್ತೆ."

"ಕೈಕೊಟ್ರೆ ಜೀಪಿಲ್ವಾ? ಎಂಟು ತಿಂಗಳ ಬಸುರಿ ಅಂದ್ರೆ ಯಾವನಾದ್ರೂ ಹತ್ತಿಸ್ಕೊತಾನೆ."

"ಆ ರಸ್ತೇಲಿ ಜೀಪಲ್ಲಿ ಹೋದ್ರೆ ಕಳಸ ಮುಟ್ಟೋದ್ರೊಳಗೆ ಹೆರಿಗೆ ಆಗುತ್ತೆ ಬಿಡಿ!"

ಅಂಗಡಿಯಲ್ಲಿದ್ದ ಐದಾರು ಜನ ಎರಡು ಪಂಗಡವಾದರು. ಕಥೆ ಓದದವರು ಹೆಚ್ಚು ಜೋರಾಗಿ ವಾದಿಸಿದರು. ಕಥೆ ಹೇಗಿದೆ ಎಂದು ಯಾರೂ ಹೇಳಲಿಲ್ಲ, ಏಕಾಂತಪ್ಪನವರು ಕೇಳಲೂ ಇಲ್ಲ. ಗಜಕಡ್ಡಿ ಕೈಯಲ್ಲಿ ಹಿಡಿದು, ಬಟ್ಟೆ ಅಳೆಯುವುದನ್ನು ಮರೆತು ಅವರ ಮುಖಗಳನ್ನೇ ನೋಡುತ್ತಾ ನಿಂತಿದ್ದರು.

"ನೀವೇ ಹೇಳಿ ಮಾರಾಯ್ರೆ" ಎಂದು ಸರೋಜಮ್ಮ ಕಡೆಗೆ ಅವರತ್ತ ತಿರುಗಿದರು. "ಬಂತಾ, ಇಲ್ವಾ?"

"ಬಂತಮ್ಮ. ಅರ್ಧ ಗಂಟೆ ಲೇಟು."

"ಮತ್ತೆ ಅದನ್ನ ಬರೆಯೋಕೇನಾಗಿತ್ತು ನಿಮಗೆ?" ಎಂದು ಗದರಿ, ಸರೋಜಮ್ಮ ನೀಲಿ ಕಣವನ್ನು ಬೆಳಕಿಗೆ ಹಿಡಿದು ನೋಡತೊಡಗಿದರು.